ಅರವತ್ತು ಸಾವಿರ ಕೂದಲಿನ ನಾಯಿಕೆ

೨೦೦೧ನೆಯ ಇಸವಿ ಜುಲೈ ತಿಂಗಳಿನಲ್ಲಿ ಅಮೇರಿಕದ ಚಿತ್ರಮಂದಿರಗಳ ಬೆಳ್ಳಿತೆರೆಯ ಮೇಲೆ ಒಬ್ಬ ಹೊಸ ನಾಯಿಕೆ ಕಾಣಿಸಿಕೊಂಡಳು. ಹೆಸರು ಆಕಿ ರಾಸ್. ಕಥೆಯಲ್ಲಿ ಆಕೆ ವಿಜ್ಞಾನಿ. ಭುಜವನ್ನು ಮುಟ್ಟಲೋ ಬೇಡವೋ ಎಂಬಂತಿದ್ದ ಆಕೆಯ ಕಪ್ಪು ಕೂದಲು, ತಲೆ ಹೊರಳಿಸಿದರೆ ಎಳೆಯೆಳೆಯಾಗಿ ಚದರಿ, ಮತ್ತೆ ಕೆನ್ನೆಯ ಮೇಲೆ ಬಂದು ಕೂರುತ್ತಿತ್ತು. ಕಣ್ಣುಗಳಲ್ಲಿ ತೇವವಿತ್ತು. ನೋಡಿದವರಲ್ಲಿ ಕೆಲವರು ಮೊದಲ ಒಂದೆರಡು ನಿಮಿಷ ಆಕೆಯನ್ನು ನಿಜವಾದ ನಟಿಯೆಂದೇ ಬಗೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆಕೆ ಯಾವ ತಾಯಿಯ ಹೊಟ್ಟೆಯಲ್ಲಿಯೂ ಹುಟ್ಟಿದವಳಲ್ಲ. ಆಕೆಗೆ ಊರಿಲ್ಲ, ಮನೆಯಿಲ್ಲ, ಹಸಿವಿಲ್ಲ, ತಿಂಗಳ ಕೊನೆಗೆ ಸಂಬಳವೂ ಇಲ್ಲ. ಕೂದಲಿನ ತುದಿಯಿಂದ ಕಾಲಿನ ಉಗುರಿನವರೆಗೆ ಗಣಕಯಂತ್ರದಲ್ಲಿ ರೂಪುಗೊಂಡ ಬೊಂಬೆ ಅವಳು. ಚಿತ್ರದ ಹೆಸರು ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್’. ‘ಕೊನೆಯ ಕಲ್ಪನೆ: ಒಳಗಿರುವ ಆತ್ಮಗಳು’ ಎಂದು ನಾವು ಅದನ್ನು ಕನ್ನಡಿಸಿಕೊಳ್ಳಬಹುದು. ಧಾರವಾಡದ ಕಡೆಯ ಮಾತಿನಲ್ಲಿ ‘ಆಕಿ’ ಎಂದರೆ ‘ಅವಳು’ ಎಂದೇ ಅರ್ಥವಲ್ಲವೆ? ಚಿತ್ರವನ್ನು ಮಾಡಿದವರಿಗೆ ಇದು ತಿಳಿದಿರಲಾರದು. ಆದರೂ ಯಾರೂ ಅಲ್ಲದ ಒಬ್ಬಳಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಈ ಚಿತ್ರವನ್ನು ಮತ್ತೊಮ್ಮೆ ನೋಡಬೇಕೆನಿಸುವುದಕ್ಕೆ ಕಾರಣವುಂಟು. ಇದು ಅಂದು ಸೋತು ಮರೆಯಾದ ಚಿತ್ರ. ಆದರೆ ಅದು ಎಬ್ಬಿಸಿದ ಪ್ರಶ್ನೆ ಮರೆಯಾಗಲಿಲ್ಲ. ಯಂತ್ರವು ಮನುಷ್ಯನ ಸ್ಥಾನದಲ್ಲಿ ನಿಂತೀತೆ? ನಿಂತರೆ ಆ ಮನುಷ್ಯನ ಗತಿಯೇನು? ಈ ಪ್ರಶ್ನೆ ಇಂದು ಚಿತ್ರನಿರ್ಮಾಣದ ಸ್ಟುಡಿಯೋಗಳಲ್ಲಿ ಮಾತ್ರವಲ್ಲ, ಕಛೇರಿಯ ಗುಮಾಸ್ತೆಯ ಮೇಜಿನ ಮುಂದೆಯೂ, ಹೋಟೆಲಿನ ಗಲ್ಲಾದ ಮುಂದೆಯೂ ಬಂದು ನಿಂತಿದೆ. ಆದುದರಿಂದ ಈ ಪ್ರಾಣವಿಲ್ಲದ ನಾಯಿಕೆಯ ವೃತ್ತಾಂತವನ್ನು ಮೊದಲಿನಿಂದ ಕೇಳುವುದು ನಮಗೂ ಅಪ್ರಸ್ತುತವಾಗದು.

ಆಟದಿಂದ ಚಿತ್ರಕ್ಕೆ

ಈ ಚಿತ್ರದ ಮೂಲ ಕಾದಂಬರಿಯಲ್ಲಿಲ್ಲ, ನಾಟಕದಲ್ಲಿಲ್ಲ. ಮಕ್ಕಳೂ ತರುಣರೂ ಮನೆಯ ಟೆಲಿವಿಷನ್ನಿಗೆ ಯಂತ್ರವನ್ನು ಜೋಡಿಸಿ ಆಡುವ ವಿಡಿಯೋ ಆಟದಲ್ಲಿದೆ. ಜಪಾನಿನ ಸ್ಕ್ವೇರ್ ಎಂಬ ಕಂಪನಿ ೧೯೮೭ರ ಡಿಸೆಂಬರ್ ತಿಂಗಳಿನಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ಆಟವನ್ನು ಹೊರತಂದಿತು. ಅದರ ಕರ್ತೃ ಹಿರೋನೊಬು ಸಕಾಗುಚಿ. ಈ ಆಟವೂ ಗೆಲ್ಲದಿದ್ದರೆ ತಾನು ಈ ಉದ್ಯಮವನ್ನೇ ಬಿಟ್ಟು ವಿಶ್ವವಿದ್ಯಾಲಯಕ್ಕೆ ಹಿಂದಿರುಗುವುದೆಂದು ಆತ ಆಗ ನಿಶ್ಚಯಿಸಿದ್ದುದಾಗಿ ಮುಂದೆ ಹೇಳಿಕೊಂಡಿದ್ದಾನೆ. ಆಟ ಗೆದ್ದಿತು. ಒಂದರ ಹಿಂದೆ ಒಂದರಂತೆ ಅದೇ ಹೆಸರಿನ ಆಟಗಳು ಬಂದವು. ೧೯೯೭ರಲ್ಲಿ ಹೊರಬಂದ ಏಳನೆಯದು ಜಪಾನಿನ ಎಲ್ಲೆಯನ್ನು ದಾಟಿ ಅಮೇರಿಕ, ಯೂರೋಪುಗಳಲ್ಲಿಯೂ ಲಕ್ಷಾಂತರ ಜನರ ಕೈ ಸೇರಿತು.

ಈ ಆಟಗಳ ವಿಶೇಷವೆಂದರೆ ಅವುಗಳಲ್ಲಿ ಕಥೆಗೆ ಇದ್ದ ಪ್ರಾಧಾನ್ಯ. ಆಡುವವನು ಗುಂಡು ಹಾರಿಸಿ ಅಂಕ ಗಳಿಸುವುದಷ್ಟೇ ಅಲ್ಲ. ರಾಜ್ಯಗಳನ್ನು ಸುತ್ತಿ, ಸಂಗಾತಿಗಳನ್ನು ಕೂಡಿಕೊಂಡು, ಕೆಲವೊಮ್ಮೆ ಅವರನ್ನು ಕಳೆದುಕೊಂಡು, ಹತ್ತಾರು ಗಂಟೆಗಳ ಒಂದು ಪುರಾಣವನ್ನೇ ನಡೆದು ಮುಗಿಸಬೇಕು. ಆಟದ ನಡುನಡುವೆ ಸಿನಿಮಾದಂತಹ ದೃಶ್ಯಗಳು ಬರುತ್ತಿದ್ದವು. ಇಷ್ಟು ಬಂದ ಮೇಲೆ ಪೂರ್ಣ ಸಿನಿಮಾವನ್ನೇ ಏಕೆ ಮಾಡಬಾರದು ಎಂದು ಸಕಾಗುಚಿಗೆ ತೋರಿದುದು ಸಹಜವೇ. ಅದಕ್ಕಾಗಿ ಸ್ಕ್ವೇರ್ ಪಿಕ್ಚರ್ಸ್ ಎಂಬ ಅಂಗಸಂಸ್ಥೆಯನ್ನು ತೆರೆದುದು ಟೋಕಿಯೋದಲ್ಲಿಯೂ ಅಲ್ಲ, ಹಾಲಿವುಡ್ಡಿನಲ್ಲಿಯೂ ಅಲ್ಲ. ಎರಡಕ್ಕೂ ನಡುವೆ, ಶಾಂತಸಾಗರದ ಮಧ್ಯದಲ್ಲಿರುವ ಹವಾಯಿ ದ್ವೀಪಸಮೂಹದ ಹೊನೊಲುಲು ನಗರದಲ್ಲಿ. ಜಪಾನಿನಿಂದಲೂ ಅಮೇರಿಕದಿಂದಲೂ ಕಲಾವಿದರು, ಗಣಿತಜ್ಞರು, ಯಂತ್ರತಜ್ಞರು ತಮ್ಮ ಊರುಮನೆಗಳನ್ನು ಬಿಟ್ಟು ಅಲ್ಲಿಗೆ ಬಂದು ನೆಲೆಸಿದರು.

ಬೆವರಿನ ಲೆಕ್ಕ

ಕೇವಲ ಯಂತ್ರದಿಂದ ಚಿತ್ರ ಮಾಡುವುದೆಂದರೆ ಗುಂಡಿ ಒತ್ತಿ ಕೈಕಟ್ಟಿ ಕೂರುವುದೆಂದು ತಿಳಿಯುವವರುಂಟು. ಲೆಕ್ಕ ಬಲ್ಲ ನಮ್ಮ ಓದುಗರು ಈ ಕೆಳಗಿನ ಅಂಕಿಗಳನ್ನು ನೋಡಿ ತಾವೇ ತೀರ್ಮಾನಿಸಬಹುದು.

ಸಿನಿಮಾ ಎಂಬುದು ಚಲಿಸುವ ಚಿತ್ರವೆಂದು ಕಂಡರೂ ವಾಸ್ತವವಾಗಿ ಅದು ನಿಂತ ಚಿತ್ರಗಳ ಸಾಲು. ಒಂದು ಸೆಕೆಂಡಿಗೆ ೨೪ ಚಿತ್ರಗಳು ಕಣ್ಣಮುಂದೆ ಹಾಯ್ದುಹೋಗುತ್ತವೆ. ಈ ಚಿತ್ರಕ್ಕಾಗಿ ಸಿದ್ಧವಾದ ಅಂತಹ ಬಿಡಿಚಿತ್ರಗಳ ಸಂಖ್ಯೆ ೧,೪೧,೯೬೪. ಬೆಳಕು ಎಲ್ಲಿಂದ ಬೀಳುತ್ತದೆ, ನೆರಳು ಎತ್ತ ಚಾಚುತ್ತದೆ, ಚರ್ಮದ ಹೊಳಪೆಷ್ಟು, ಬಟ್ಟೆಯ ಮಡಿಕೆ ಎಲ್ಲಿ ಎಂಬುದನ್ನೆಲ್ಲ ಗುಣಿಸಿ ಭಾಗಿಸಿ ಒಂದು ಬಿಡಿಚಿತ್ರವನ್ನು ಪೂರ್ಣಗೊಳಿಸಲು ಯಂತ್ರಕ್ಕೆ ಸರಾಸರಿ ೯೦ ನಿಮಿಷಗಳು ಬೇಕಾದವು. ಎಂದರೆ ತೆರೆಯ ಮೇಲೆ ಒಂದು ಸೆಕೆಂಡು ಕಾಣುವುದಕ್ಕೆ ಯಂತ್ರ ೩೬ ಗಂಟೆ ದುಡಿಯಬೇಕು. ಒಂದೇ ಯಂತ್ರಕ್ಕೆ ಈ ಕೆಲಸವನ್ನೆಲ್ಲ ಒಪ್ಪಿಸಿದ್ದರೆ ಅದು ಹಗಲಿರುಳು ನಿಲ್ಲದೆ ನಡೆದರೂ ಮುಗಿಯಲು ೨೪ ವರ್ಷಗಳು ಹಿಡಿಯುತ್ತಿದ್ದವು. ಆದುದರಿಂದ ೯೬೦ ಗಣಕಯಂತ್ರಗಳನ್ನು ಒಟ್ಟಿಗೆ ಹೂಡಿ ಕೆಲಸ ತೆಗೆದರು.

ಇದು ಯಂತ್ರದ ಪಾಲು. ಮನುಷ್ಯರ ಪಾಲು ಇದಕ್ಕಿಂತ ದೊಡ್ಡದು. ಸುಮಾರು ೨೦೦ ಮಂದಿ ನಾಲ್ಕು ವರ್ಷಗಳ ಕಾಲ ದುಡಿದರು. ಆಕಿಯ ತಲೆಯ ಮೇಲಿದ್ದ ಕೂದಲಿನ ಎಳೆಗಳು ಸುಮಾರು ೬೦,೦೦೦. ಪ್ರತಿಯೊಂದು ಎಳೆಗೂ ತನ್ನದೇ ಆದ ಚಲನೆಯನ್ನು ಕೊಡಬೇಕಾಗಿತ್ತು. ಆಕೆಯ ನಡಿಗೆ ಯಂತ್ರದ್ದಲ್ಲ. ಮೈಗೆ ಗುರುತಿನ ಸಣ್ಣ ಗುಂಡುಗಳನ್ನು ಅಂಟಿಸಿಕೊಂಡ ನಟರು ಕ್ಯಾಮರಾಗಳ ನಡುವೆ ನಿಂತು ನಡೆದು, ಓಡಿ, ಬಿದ್ದು ತೋರಿಸಿದುದನ್ನು ಯಂತ್ರ ದಾಖಲು ಮಾಡಿಕೊಂಡು ಬೊಂಬೆಗೆ ತೊಡಿಸಿತು. ಮುಖದ ಭಾವವೂ ಯಂತ್ರದ್ದಲ್ಲ. ಹುಬ್ಬಿನ ಏರಿಳಿತ, ತುಟಿಯ ಕೊಂಕುಗಳನ್ನು ಕಲಾವಿದರು ಕೈಯಿಂದಲೇ ತಿದ್ದಿ ತೀಡಿದರು. ದನಿ ಮಿಂಗ್-ನಾ ವೆನ್ ಎಂಬ ನಟಿಯದು. ಹೀಗೆ ನೋಡಿದರೆ ಆಕಿ ‘ಯಾರೂ ಅಲ್ಲದವಳು’ ಎಂದು ನಾವು ಮೊದಲು ಹೇಳಿದ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ಒಬ್ಬರ ನಡಿಗೆ, ಇನ್ನೊಬ್ಬರ ದನಿ, ಹತ್ತಾರು ಮಂದಿಯ ಕೈಚಳಕ, ಇವೆಲ್ಲ ಸೇರಿ ಒಬ್ಬಳಾದಳು. ಮೇಜಿನ ಮೇಲೆ ಬಂದು ಕುಳಿತ ದೋಸೆಯನ್ನು ಮಾತ್ರ ಗಿರಾಕಿ ಕಾಣುತ್ತಾನೆ. ಅಕ್ಕಿ ನೆನೆಹಾಕಿದವನನ್ನೂ, ಹಿಟ್ಟು ರುಬ್ಬಿದವನನ್ನೂ, ಕಾವಲಿಯ ಮುಂದೆ ಬೆಂದವನನ್ನೂ ಕಾಣುವುದಿಲ್ಲ. ಇಲ್ಲಿ ನಡೆದುದೂ ಅದೇ.

ಪ್ರೇತಗಳ ಕಥೆ

ಇನ್ನು ಕಥೆ. ಕಾಲ ಕ್ರಿ. ಶ. ೨೦೬೫. ಮೂವತ್ತನಾಲ್ಕು ವರ್ಷಗಳ ಹಿಂದೆ ಆಕಾಶದಿಂದ ಒಂದು ಉಲ್ಕೆ ಭೂಮಿಗೆ ಬಿದ್ದಿದೆ. ಅದರೊಡನೆ ಬಂದ ಪಾರದರ್ಶಕವಾದ ಭೂತಾಕೃತಿಗಳು ಗೋಡೆಯನ್ನು ಹಾಯ್ದು ಬರುತ್ತವೆ. ಮುಟ್ಟಿದವರ ಪ್ರಾಣವನ್ನು ಸೆಳೆದುಕೊಳ್ಳುತ್ತವೆ. ಅಳಿದುಳಿದ ಜನ ಶಕ್ತಿಯ ಕವಚವನ್ನು ಹೊದ್ದ ನಗರಗಳಲ್ಲಿ ಅಡಗಿ ಬದುಕಿದ್ದಾರೆ. ಪಾಳುಬಿದ್ದ ಹಳೆಯ ನ್ಯೂಯಾರ್ಕಿನ ಬೀದಿಯಲ್ಲಿ, ಒಂದು ಪುಟ್ಟ ಗಿಡವನ್ನು ಹುಡುಕುತ್ತ ಆಕಿ ಒಬ್ಬಳೇ ಇಳಿಯುವಲ್ಲಿ ಸಾಹಸ ಆರಂಭವಾಗುತ್ತದೆ.

ಆಕಿಯೂ ಆಕೆಯ ಗುರು ವೃದ್ಧ ಡಾಕ್ಟರ್ ಸಿಡ್ ಅವರೂ ನಂಬಿದುದು ಇಷ್ಟು: ಲೋಕದ ಬೇರೆಬೇರೆ ಕಡೆ ಚದರಿಹೋದ ಎಂಟು ಜೀವಚೈತನ್ಯಗಳನ್ನು ಒಂದುಗೂಡಿಸಿದರೆ ಈ ಭೂತಗಳನ್ನು ಶಾಂತಗೊಳಿಸಬಹುದು. ಸೇನಾಧಿಪತಿ ಹೈನ್ ಎಂಬವನಿಗೆ ಈ ಮಾತು ಹಿಡಿಸದು. ಆತನ ಹೆಂಡತಿಮಕ್ಕಳು ಭೂತಗಳಿಗೆ ಬಲಿಯಾಗಿದ್ದಾರೆ. ಅಂತರಿಕ್ಷದಲ್ಲಿ ನೆಲೆನಿಲ್ಲಿಸಿದ ‘ಝ್ಯೂಸ್’ ಎಂಬ ಮಹಾಫಿರಂಗಿಯಿಂದ ಅವುಗಳ ಬೀಡನ್ನೇ ಸುಟ್ಟುಹಾಕಬೇಕೆಂಬುದು ಆತನ ಹಠ. ಆ ಹಠ ಸಾಧಿಸಲು ಆತ ನಗರದ ಕವಚವನ್ನು ತಾನೇ ಸಡಿಲಿಸಿ, ಒಳಗೆ ನುಗ್ಗಿದ ಭೂತಗಳಿಗೆ ಸಾವಿರಾರು ಜನ ಬಲಿಯಾಗುವುದಕ್ಕೆ ಕಾರಣನಾಗುತ್ತಾನೆ.

ಈ ನಡುವೆ ಆಕಿಗೆ ಮರುಮರಳಿ ಒಂದು ಕನಸು ಬೀಳುತ್ತಿರುತ್ತದೆ. ಯಾವುದೋ ಪರಲೋಕದ ಬಯಲು. ಎರಡು ಸೈನ್ಯಗಳು ಕಾದಾಡಿ ಎಲ್ಲವೂ ಭಸ್ಮವಾಗುವ ದೃಶ್ಯ. ಅದರ ಅರ್ಥ ಕೊನೆಗೆ ಹೊಳೆಯುತ್ತದೆ. ಉಲ್ಕೆಯೊಡನೆ ಬಂದವರು ದಂಡೆತ್ತಿ ಬಂದವರಲ್ಲ. ತಮ್ಮ ಲೋಕವನ್ನು ಯುದ್ಧದಿಂದ ತಾವೇ ನಾಶಮಾಡಿಕೊಂಡು, ಆ ಲೋಕದ ಒಂದು ತುಂಡಿನೊಡನೆ ಇಲ್ಲಿಗೆ ಬಂದು ಬಿದ್ದ ಪ್ರೇತಾತ್ಮಗಳು ಅವು. ತಾವು ಸತ್ತಿರುವುದೇ ಅವುಗಳಿಗೆ ತಿಳಿಯದು. ಅವುಗಳ ಮೇಲೆ ಹಾರಿಸಿದ ಗುಂಡು ಅವುಗಳನ್ನು ಕೊಲ್ಲುವುದೆಂತು? ಅವುಗಳಿಗೆ ಬೇಕಾದುದು ಗುಂಡಲ್ಲ, ಸದ್ಗತಿ. ಕೊನೆಯಲ್ಲಿ ಫಿರಂಗಿ ತನ್ನ ಉರಿಗೆ ತಾನೇ ಸಿಡಿದು ಹೈನನೂ ಅದರೊಡನೆ ನಾಶವಾಗುತ್ತಾನೆ. ಆಕಿಯ ಪ್ರಿಯನಾದ ಗ್ರೇ ತನ್ನ ಪ್ರಾಣವನ್ನು ಧಾರೆಯೆರೆದು ಪ್ರೇತಗಳಿಗೆ ಬಿಡುಗಡೆ ದೊರಕಿಸುತ್ತಾನೆ.

ಪಿತೃಪಕ್ಷವನ್ನು ಆಚರಿಸುವ ಮನೆಗಳಿಂದ ಬಂದ ನಮಗೆ ಈ ಕಥೆಯ ತಿರುಳು ಅಪರಿಚಿತವೆನಿಸದು. ಅಮೇರಿಕದ ಪ್ರೇಕ್ಷಕನಿಗೆ ಅದು ಅಷ್ಟು ಸುಲಭವಾಗಿ ಹಿಡಿಸಲಿಲ್ಲ. ಪರಲೋಕದಿಂದ ಬಂದ ಶತ್ರುವನ್ನು ವೀರನೊಬ್ಬ ಹೊಡೆದು ಕೆಡಹುವುದನ್ನು ನೋಡಲು ಬಂದವನಿಗೆ, ಶತ್ರುವಿಗೆ ಶಾಂತಿ ಕೋರುವ ಕಥೆ ಸಪ್ಪೆಯಾಗಿ ಕಂಡಿರಬೇಕು.

ಬೊಂಬೆಯೂ ಹೆಣವೂ

ಚಿತ್ರಕ್ಕೆ ತಗಲಿದ ವೆಚ್ಚ ೧೩ ಕೋಟಿ ೭೦ ಲಕ್ಷ ಡಾಲರ್. ಅಂದಿನ ವಿನಿಮಯ ದರದಲ್ಲಿ ಆರುನೂರು ಕೋಟಿ ರೂಪಾಯಿಗೂ ಮಿಗಿಲು. ಲೋಕದಾದ್ಯಂತ ಟಿಕೇಟು ಮಾರಿ ಬಂದುದು ಸುಮಾರು ೮ ಕೋಟಿ ೫೦ ಲಕ್ಷ ಡಾಲರ್. ಅದರಲ್ಲಿಯೂ ಚಿತ್ರಮಂದಿರದವರ ಪಾಲನ್ನು ಕಳೆಯಬೇಕು. ನಷ್ಟ ಎಷ್ಟು ಆಳವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲರೂ ತೆಗಳಿದರೆಂದು ಅರ್ಥವಲ್ಲ. ಷಿಕಾಗೋ ನಗರದ ಪ್ರಖ್ಯಾತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ನಕ್ಷತ್ರಗಳನ್ನು ಕೊಟ್ಟು ಮೆಚ್ಚಿದರು. ಆದರೆ ಆಟದ ಅಭಿಮಾನಿಗಳಿಗೆ ನಿರಾಶೆಯಾಯಿತು. ಅವರು ಆಟದಲ್ಲಿ ಕಂಡ ಖಡ್ಗ, ಮಂತ್ರ, ವಿಚಿತ್ರ ಪ್ರಾಣಿಗಳಾವುವೂ ಇಲ್ಲಿರಲಿಲ್ಲ. ಸಿಡ್ ಎಂಬ ಒಂದು ಹೆಸರು ಮಾತ್ರ ಹಳೆಯ ನಂಟನ್ನು ನೆನಪಿಸುತ್ತಿತ್ತು. ಆಟವನ್ನು ಅರಿಯದ ಸಾಮಾನ್ಯ ಪ್ರೇಕ್ಷಕನಿಗಾದರೋ ಬೇರೊಂದು ತೊಡಕು. ಎಲ್ಲವೂ ಸರಿಯಾಗಿಯೇ ಇದೆ, ಆದರೂ ಏನೋ ಸರಿಯಿಲ್ಲ. ಮುಖ ಸುಂದರವಾಗಿದೆ, ಆದರೆ ನೋಟದಲ್ಲಿ ಯಾರೂ ಇಲ್ಲ.

ಈ ಭಾವಕ್ಕೆ ಜಪಾನಿನ ಯಂತ್ರಮಾನವ ಶಾಸ್ತ್ರಜ್ಞ ಮಸಾಹಿರೊ ಮೋರಿ ಎಂಬವರು ೧೯೭೦ರಲ್ಲಿಯೇ ಒಂದು ಹೆಸರು ಕೊಟ್ಟಿದ್ದರು. ಅದನ್ನು ‘ವಿಲಕ್ಷಣ ಕಣಿವೆ’ ಎನ್ನಬಹುದು. ಯಂತ್ರವು ಮನುಷ್ಯನನ್ನು ಹೋಲತೊಡಗಿದಂತೆ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತ ಹೋಗುತ್ತದೆ. ಆದರೆ ಹೋಲಿಕೆ ಬಹಳ ಸಮೀಪಕ್ಕೆ ಬಂದಾಗ, ಏರುತ್ತಿದ್ದ ದಾರಿ ಒಮ್ಮೆಲೆ ಕಣಿವೆಗೆ ಜಾರಿದಂತೆ, ಪ್ರೀತಿ ಅಳಿದು ಭಯ ಹುಟ್ಟುತ್ತದೆ. ಕೃತಕ ಕೈಯ ಉದಾಹರಣೆಯನ್ನು ಅವರು ಕೊಟ್ಟರು. ನೋಡಲು ನಿಜವಾದ ಕೈಯಂತೆಯೇ ಇರುವ ಅದನ್ನು ಹಿಡಿದು ಕುಲುಕಿದಾಗ ಅದು ತಣ್ಣಗಿದ್ದರೆ ಮೈ ಜುಮ್ಮೆನ್ನುವುದಿಲ್ಲವೆ? ಅದೇ ಪ್ರಬಂಧದಲ್ಲಿ ಅವರು ಜಪಾನಿನ ಬುನ್ರಾಕು ಎಂಬ ಬೊಂಬೆಯಾಟವನ್ನೂ ನೆನೆದಿದ್ದಾರೆ. ಆ ಬೊಂಬೆಗಳು ಹತ್ತಿರದಿಂದ ಮನುಷ್ಯರಂತೆ ಕಾಣುವುದಿಲ್ಲ. ಆದರೂ ರಂಗದ ಮೇಲೆ ಅವು ಅತ್ತರೆ ಪ್ರೇಕ್ಷಕನೂ ಅಳುತ್ತಾನೆ.

ಈ ಮಾತಿನ ಸತ್ಯವನ್ನು ತಿಳಿಯಲು ಕರಾವಳಿಯವರು ಜಪಾನಿಗೆ ಹೋಗಬೇಕಾಗಿಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಯಾಟವನ್ನು ಕಂಡವರಿಗೆ ಅದು ಗೊತ್ತೇ ಇದೆ. ದಾರ ಕಾಣುತ್ತದೆ, ಮರದ ಮುಖ ಕಾಣುತ್ತದೆ, ಬೊಂಬೆಯ ಕಣ್ಣು ರೆಪ್ಪೆ ಬಡಿಯುವುದಿಲ್ಲ. ಆದರೂ ಭಾಗವತರ ಪದ ಏರಿ ಚೆಂಡೆ ಮೊಳಗಿದಾಗ ಆ ಮರದ ತುಂಡು ರಾಜನೇ ಆಗಿ, ರಾಕ್ಷಸನೇ ಆಗಿ ನಿಲ್ಲುತ್ತದೆ. ಯಕ್ಷಗಾನದ ಬಣ್ಣದ ವೇಷ ಯಾವ ಮನುಷ್ಯನನ್ನೂ ಹೋಲುವುದಿಲ್ಲ. ಹೋಲುವುದಿಲ್ಲವಾದುದರಿಂದಲೇ ನಮ್ಮ ಮನಸ್ಸು ಮುಂದೆ ಬಂದು ಉಳಿದುದನ್ನು ತುಂಬಿಕೊಡುತ್ತದೆ. ಸಕಾಗುಚಿಯ ಚಿತ್ರ ನಮ್ಮ ಮನಸ್ಸಿಗೆ ತುಂಬಲು ಏನನ್ನೂ ಉಳಿಸಲಿಲ್ಲ. ಅದೇ ೨೦೦೧ರಲ್ಲಿ ಬಂದ ‘ಶ್ರೆಕ್’ ಎಂಬ ಗಣಕ ಚಿತ್ರದಲ್ಲಿ ಹಸಿರು ಮೈಯ, ಡೊಳ್ಳು ಹೊಟ್ಟೆಯ ರಾಕ್ಷಸನೊಬ್ಬ ನಾಯಕ. ಅವನನ್ನು ಲೋಕ ಬಾಚಿ ತಬ್ಬಿಕೊಂಡಿತು. ಅವನು ತಾನು ಮನುಷ್ಯನೆಂದು ಹೇಳಿಕೊಳ್ಳಲಿಲ್ಲ.

ಬಾಗಿಲು ಮುಚ್ಚಿದ ಮೇಲೆ

ಚಿತ್ರ ಸೋತಾಗ ನಾಯಿಕೆಗೆ ಏನೂ ಆಗಲಿಲ್ಲ. ಕಷ್ಟ ಬಂದುದು ಆಕೆಯನ್ನು ಕಡೆದವರಿಗೆ. ಆಕಿಯನ್ನು ಒಂದೇ ಚಿತ್ರಕ್ಕೆ ಮೀಸಲಿಡದೆ, ನಿಜವಾದ ತಾರೆಯಂತೆ ಬೇರೆ ಬೇರೆ ಚಿತ್ರಗಳಲ್ಲಿ, ಬೇರೆ ಬೇರೆ ಪಾತ್ರಗಳಲ್ಲಿ ನಟಿಸುವಂತೆ ಮಾಡಬೇಕೆಂದು ಕಂಪನಿ ಯೋಚಿಸಿತ್ತು. ಆ ಯೋಜನೆ ಮಣ್ಣುಗೂಡಿತು. ‘ಅನಿಮ್ಯಾಟ್ರಿಕ್ಸ್’ ಎಂಬ ಸಂಕಲನಕ್ಕಾಗಿ ಒಂದು ಕಿರುಚಿತ್ರವನ್ನು ಮಾಡಿದುದೇ ಆ ಸ್ಟುಡಿಯೋದ ಕೊನೆಯ ಕೆಲಸವಾಯಿತು. ೨೦೦೨ರ ಆರಂಭದಲ್ಲಿ ಹೊನೊಲುಲುವಿನ ಬಾಗಿಲು ಮುಚ್ಚಿತು. ೨೦೦೩ರ ಏಪ್ರಿಲ್ ೧ರಂದು ಸ್ಕ್ವೇರ್ ಕಂಪನಿ ತನ್ನ ಪ್ರತಿಸ್ಪರ್ಧಿಯಾಗಿದ್ದ ಎನಿಕ್ಸ್ ಕಂಪನಿಯೊಡನೆ ಕೂಡಿ ಒಂದಾಯಿತು. ಸಕಾಗುಚಿ ಹೊರಬಂದು ೨೦೦೪ರಲ್ಲಿ ತನ್ನದೇ ಸಣ್ಣ ಸಂಸ್ಥೆಯನ್ನು ಕಟ್ಟಿದ.

ದೂರದ ಊರಿಗೆ ದುಡಿಮೆಗೆಂದು ಹೋಗಿ, ನಾಲ್ಕು ವರ್ಷ ಬೆವರು ಸುರಿಸಿ, ಒಂದು ಬೆಳಗ್ಗೆ ಬೀಗ ಬಿದ್ದ ಬಾಗಿಲನ್ನು ನೋಡುವುದೆಂದರೆ ಏನೆಂಬುದನ್ನು ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಬದುಕು ಕಟ್ಟಿದ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆದರೆ ಕಲಿತ ಕೆಲಸ ಕೈಬಿಡುವುದಿಲ್ಲ. ಈ ಚಿತ್ರದ ಚಲನಾಂಕನ ನಿರ್ದೇಶಕರಾಗಿದ್ದ ಆಂಡಿ ಜೋನ್ಸ್ ಮುಂದೆ ‘ಅವತಾರ್’ (೨೦೦೯) ಮತ್ತು ‘ದಿ ಜಂಗಲ್ ಬುಕ್’ (೨೦೧೬) ಚಿತ್ರಗಳಿಗಾಗಿ ಆಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು. ‘ಅವತಾರ್’ ಚಿತ್ರದ ನೀಲಿ ಮೈಯ ಜನರನ್ನು ಲೋಕ ಮೆಚ್ಚಿದುದು ಸರಿಯಷ್ಟೆ. ಅವರು ಕಣಿವೆಯನ್ನು ಸುತ್ತಿಹೋಗುವ ದಾರಿಯನ್ನು ಹಿಡಿದಿದ್ದರು. ಮೈ ನೀಲಿಯಾದುದರಿಂದ ಯಾರೂ ಅವರನ್ನು ಪಕ್ಕದ ಮನೆಯವರೊಡನೆ ಹೋಲಿಸಿ ನೋಡಲಿಲ್ಲ.

ಅಂದಿನ ಭಯ, ಇಂದಿನ ಕರಾರು

ಆಕಿ ತೆರೆಗೆ ಬಂದಾಗ ಹಾಲಿವುಡ್ಡಿನ ನಟರಲ್ಲಿ ಕಳವಳ ಹುಟ್ಟಿತ್ತು. ಹೆಸರಾಂತ ನಟ ಟಾಮ್ ಹ್ಯಾಂಕ್ಸ್ ತಮ್ಮ ಆತಂಕವನ್ನು ಬಹಿರಂಗವಾಗಿಯೇ ಹೇಳಿದ್ದರು. ಚಿತ್ರ ಸೋತಾಗ ಆ ಭಯ ಕರಗಿತು. ವಿನೋದವೆಂದರೆ, ೨೦೦೪ರ ‘ಪೋಲಾರ್ ಎಕ್ಸ್‌ಪ್ರೆಸ್’ ಎಂಬ ಗಣಕ ಚಿತ್ರದಲ್ಲಿ ಅದೇ ಹ್ಯಾಂಕ್ಸ್ ಮೈಗೆ ಗುರುತು ಅಂಟಿಸಿಕೊಂಡು ಹಲವು ಪಾತ್ರಗಳಿಗೆ ತಮ್ಮ ಚಲನೆಯನ್ನು ಕೊಟ್ಟರು. ೨೦೨೪ರ ‘ಹಿಯರ್’ ಎಂಬ ಚಿತ್ರದಲ್ಲಿ ಯಂತ್ರವೇ ಅವರ ಮುಖದ ವಯಸ್ಸನ್ನು ಅಳಿಸಿ ಅವರನ್ನು ಮತ್ತೆ ತರುಣನನ್ನಾಗಿಸಿತು.

ಭಯ ಕರಗಿತೆಂದೆವು, ಆದರೆ ಅದು ಆವಿಯಾಗಿ ಹೋಗಿದ್ದಿತೇ ಹೊರತು ಇಲ್ಲವಾಗಿರಲಿಲ್ಲ. ೨೦೨೩ರ ಜುಲೈ ೧೪ರಿಂದ ನವೆಂಬರ್ ೯ರವರೆಗೆ, ೧೧೮ ದಿನಗಳ ಕಾಲ, ಅಮೇರಿಕದ ನಟರ ಸಂಘ ಮುಷ್ಕರ ಹೂಡಿತು. ಅವರ ಬೇಡಿಕೆಗಳಲ್ಲಿ ಮುಖ್ಯವಾದ ಒಂದು ಇದು: ನಟನ ಮುಖವನ್ನೂ ದನಿಯನ್ನೂ ನಕಲು ಮಾಡಬೇಕಾದರೆ ಅವನ ಒಪ್ಪಿಗೆ ಬೇಕು, ಅದಕ್ಕೆ ತಕ್ಕ ಸಂಬಳವೂ ಬೇಕು. ಗುಂಪಿನಲ್ಲಿ ನಿಲ್ಲುವ ಸಣ್ಣ ನಟನನ್ನು ಒಂದು ದಿನ ಕರೆಸಿ, ಅವನ ಆಕೃತಿಯನ್ನು ಯಂತ್ರಕ್ಕೆ ತುಂಬಿಕೊಂಡರೆ ಮರುದಿನದಿಂದ ಅವನ ಕೂಲಿಗೆ ಸಂಚಕಾರವಲ್ಲವೆ? ಕೊನೆಗೆ ಆದ ಒಪ್ಪಂದದಲ್ಲಿ ಒಪ್ಪಿಗೆ ಮತ್ತು ಸಂಭಾವನೆಗಳ ಷರತ್ತುಗಳು ಸೇರಿದವು. ೨೦೨೫ರಲ್ಲಿ ‘ಟಿಲ್ಲಿ ನಾರ್ವುಡ್’ ಎಂಬ ಕೃತಕ ನಟಿಯನ್ನು ಒಂದು ಸಂಸ್ಥೆ ಮುಂದಿಟ್ಟಾಗ ಅದೇ ಸಂಘ ಕಟುವಾಗಿ ಖಂಡಿಸಿತು. ಆಕಿಗೆ ಒಬ್ಬ ತಂಗಿ ಹುಟ್ಟಿದಂತಾಯಿತು.

ಇಂತಹ ಜಗಳ ನಮ್ಮ ಗುಮಾಸ್ತೆಗಳಿಗೂ ಹೊಸದಲ್ಲ. ನಮ್ಮ ಬ್ಯಾಂಕುಗಳಿಗೆ ಗಣಕಯಂತ್ರ ಬರಬೇಕಾದಾಗಲೂ ನೌಕರರ ಸಂಘಗಳು ಪ್ರತಿಭಟಿಸಿ, ಚರ್ಚಿಸಿ, ೧೯೮೩ರಲ್ಲಿ ಒಪ್ಪಂದಕ್ಕೆ ಬಂದಿದ್ದವು. ಯಂತ್ರವನ್ನು ಬಾಗಿಲಿನಲ್ಲಿಯೇ ತಡೆದು ನಿಲ್ಲಿಸಿದವರು ವಿರಳ. ಅದು ಯಾವ ಷರತ್ತಿನ ಮೇಲೆ ಒಳಗೆ ಬರಬೇಕೆಂದು ಕೇಳಿದವರು ಏನನ್ನಾದರೂ ಉಳಿಸಿಕೊಂಡಿದ್ದಾರೆ.

ನಮ್ಮ ಅಂಗಳದಲ್ಲಿ

ಹೊನೊಲುಲುವಿನಲ್ಲಿ ಮೊಳೆತ ಬೀಜ ನಮ್ಮ ಅಂಗಳಕ್ಕೂ ಬಂದಿದೆ. ಒಂದು ಕಾಲದಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಟಿಕೇಟು ಹರಿಯುತ್ತಿದ್ದ ರಜನೀಕಾಂತ್ ಅವರ ಚಲನೆಯನ್ನು ಹಿಡಿದು ಅವರ ಮಗಳೇ ನಿರ್ದೇಶಿಸಿದ ‘ಕೋಚಡೈಯಾನ್’ ೨೦೧೪ರಲ್ಲಿ ತೆರೆಗೆ ಬಂದಿತು. ೨೦೧೬ರಲ್ಲಿ ಕನ್ನಡದಲ್ಲಿ ‘ನಾಗರಹಾವು’ ಎಂಬ ಹೆಸರಿನ ಚಿತ್ರ ಬಂದಿತು. ನಿರ್ದೇಶಕರು ಕೋಡಿ ರಾಮಕೃಷ್ಣ. ೨೦೦೯ರ ಡಿಸೆಂಬರ್ ೩೦ರಂದು ನಮ್ಮನ್ನಗಲಿದ ವಿಷ್ಣುವರ್ಧನ ಅವರನ್ನು ಅದರಲ್ಲಿ ಗಣಕಯಂತ್ರದ ಸಹಾಯದಿಂದ ಮತ್ತೆ ತೆರೆಗೆ ತಂದರು. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಿಂದ ನಾಯಕರಾದವರು ಅವರು. ಅದೇ ಹೆಸರಿನ ಇನ್ನೊಂದು ಚಿತ್ರದಲ್ಲಿ, ತಾವಿಲ್ಲದ ಮೇಲೆ, ಅವರ ಮುಖ ಮಾತ್ರ ಬಂದು ನಿಂತಿತು. ಅಗಲಿದ ನಟನನ್ನು ಮತ್ತೆ ಕಾಣುವ ಆಸೆ ಅಭಿಮಾನಿಗೆ ಸಹಜ. ಆದರೆ ಬದುಕಿದ್ದ ನಟನು ಒಂದು ಪಾತ್ರವನ್ನು ಬೇಡವೆನ್ನಬಲ್ಲ. ಅವನ ಮುಖದ ನಕಲಿಗೆ ಆ ಹಕ್ಕಿಲ್ಲ ಎಂಬುದನ್ನೂ ನೆನೆಯಬೇಕು.

ವೆಚ್ಚದ ಮಾತಿಗೆ ಬಂದರೆ ಬೆರಗು ಇನ್ನೂ ಹೆಚ್ಚುತ್ತದೆ. ೨೦೨೫ರಲ್ಲಿ ಬೆಂಗಳೂರಿನ ಕಡೆಯ ಅರ್ಚಕರೊಬ್ಬರು ಗ್ರಾಫಿಕ್ ಕಲಾವಿದರೊಬ್ಬರನ್ನು ಕೂಡಿಕೊಂಡು, ಕೃತಕ ಬುದ್ಧಿಮತ್ತೆಯ ಸಾಧನಗಳಿಂದಲೇ ‘ಲವ್ ಯು’ ಎಂಬ ಕನ್ನಡ ಚಿತ್ರವನ್ನು ಸಿದ್ಧಪಡಿಸಿದರೆಂದು ವರದಿಯಾಯಿತು. ವೆಚ್ಚ ಸುಮಾರು ೧೦ ಲಕ್ಷ ರೂಪಾಯಿ. ಇನ್ನೂರು ಮಂದಿ, ನಾಲ್ಕು ವರ್ಷ, ಆರುನೂರು ಕೋಟಿ ಎಂಬ ಹಿಂದಿನ ಲೆಕ್ಕವನ್ನು ಇದರ ಪಕ್ಕದಲ್ಲಿ ಬರೆದು ನೋಡಿ. ಗುಣದಲ್ಲಿ ಎರಡನ್ನೂ ತೂಗಲಾಗದು. ಆದರೆ ಬಡವನಿಗೂ ಚಿತ್ರ ಮಾಡುವ ಬಾಗಿಲು ತೆರೆಯಿತೆಂದು ಒಂದು ಕಣ್ಣು ನಗುವಾಗ, ಆ ಬಾಗಿಲಿನಿಂದಲೇ ನೂರಾರು ಜನ 'ಲೈಟ್‌ಬಾಯ್', ಬಣ್ಣಗಾರ, ಸಹನಟರು ಹೊರಗೆ ನಡೆಯಬೇಕಾದೀತೆಂದು ಇನ್ನೊಂದು ಕಣ್ಣು ತೇವಗೊಳ್ಳುತ್ತದೆ.

ಸುಕ್ಕಿನ ಸಾಕ್ಷ್ಯ

ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಈ ಹಳೆಯ ಚಿತ್ರವನ್ನು ಮತ್ತೆ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಮಾತುಗಳು ಅಲ್ಲಲ್ಲಿ ಒಣಗಿವೆ, ಸೈನಿಕರ ಹಾಸ್ಯ ಹಳೆಯದಾಗಿದೆ, ಜೀವಚೈತನ್ಯದ ವಿವರಣೆ ಒಮ್ಮೊಮ್ಮೆ ಉಪನ್ಯಾಸವಾಗುತ್ತದೆ. ಈ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಆಕಿಯ ಕೆನ್ನೆ ಇಂದಿಗೂ ಮೇಣದಂತೆಯೇ ತೋರುತ್ತದೆ. ಆದರೆ ವೃದ್ಧ ಡಾಕ್ಟರ್ ಸಿಡ್ ತೆರೆಗೆ ಬಂದಾಗ ನೋಡುವವನು ಸ್ವಲ್ಪ ಸರಿದು ಕೂರುತ್ತಾನೆ. ಬೋಳು ತಲೆ, ಬಿಳಿ ಗಡ್ಡ, ಕಣ್ಣಿನ ಸುತ್ತ ಸುಕ್ಕು, ಚರ್ಮದ ಮೇಲೆ ವಯಸ್ಸಿನ ಕಲೆಗಳು. ಇಡೀ ಚಿತ್ರದಲ್ಲಿ ಜೀವಂತವೆನಿಸುವ ಮುಖ ಅದೊಂದೇ ಎಂದರೆ ಅತಿಶಯೋಕ್ತಿಯಲ್ಲ.

ಇದಕ್ಕೆ ಕಾರಣ ಸರಳವಾದುದು. ಕುಂದಿಲ್ಲದ ಮುಖವನ್ನು ಮಾಡುವುದು ಯಂತ್ರಕ್ಕೆ ಸುಲಭ, ಅದನ್ನು ನಂಬುವುದು ನಮಗೆ ಕಷ್ಟ. ಜೀವ ತನ್ನ ಗುರುತನ್ನು ಸುಕ್ಕಿನಲ್ಲಿ, ಸವೆತದಲ್ಲಿ, ಕಲೆಯಲ್ಲಿ ಬಿಡುತ್ತದೆ. ಕಾವಲಿಯ ಬಿಸಿಗೆ ಸುಟ್ಟ ಬೆರಳು, ಪೆನ್ನು ಹಿಡಿದು ಗಂಟುಕಟ್ಟಿದ ನಡುಬೆರಳು, ರಾತ್ರಿಪಾಳಿಯಿಂದ ಕೆಂಪಾದ ಕಣ್ಣು, ಇವೆಲ್ಲ ದುಡಿದ ಬಾಳು ಮೈಮೇಲೆ ಬರೆದ ಸಾಕ್ಷ್ಯಗಳು. ಆ ವೃದ್ಧನ ಸುಕ್ಕುಗಳನ್ನು ಬರೆಯುವಾಗ ಹೊನೊಲುಲುವಿನ ಕಲಾವಿದನೊಬ್ಬ ತನ್ನ ಅಜ್ಜನ ಮುಖವನ್ನು ನೆನೆದಿರಬಹುದೆಂದು ಭಾವಿಸಿದರೆ ತಪ್ಪಾಗದು. ಯಂತ್ರಕ್ಕೆ ಅಜ್ಜನಿಲ್ಲ.

ಓದುಗರಲ್ಲಿ ಯಾರಾದರೂ ವಾರದ ರಜೆಯ ದಿನ ಈ ಚಿತ್ರವನ್ನು ನೋಡುವುದಾದರೆ ಒಂದು ವಿಜ್ಞಾಪನೆ. ಕಥೆ ಮುಗಿಯಿತೆಂದು ತಕ್ಷಣವೇ ಏಳಬೇಡಿ. ಕೊನೆಯಲ್ಲಿ ತೆರೆಯ ಕೆಳಗಿನಿಂದ ಮೇಲಕ್ಕೆ ಸಣ್ಣ ಅಕ್ಷರದ ಹೆಸರುಗಳು ಬಹಳ ಹೊತ್ತು ಏರುತ್ತ ಹೋಗುತ್ತವೆ. ಚಿತ್ರಮಂದಿರಗಳಲ್ಲಿ ಆ ಹೊತ್ತಿಗೆ ದೀಪ ಹತ್ತಿ, ಜನ ಬಾಗಿಲಿನತ್ತ ನುಗ್ಗುತ್ತಿರುತ್ತಾರೆ. ಅರವತ್ತು ಸಾವಿರ ಕೂದಲುಗಳನ್ನು ಅಲುಗಿಸಿದ ಕೈಗಳು ಆ ಸಾಲುಗಳಲ್ಲಿವೆ. ನಾಲ್ಕಾರು ಹೆಸರುಗಳನ್ನಾದರೂ ಓದಿ ಏಳುವುದು, ಉಂಡೆದ್ದ ಮೇಲೆ ಒಳಮನೆಯತ್ತ ಒಮ್ಮೆ ತಿರುಗಿ ನೋಡಿದಷ್ಟೇ ಮರ್ಯಾದೆಯ ಕೆಲಸ.